ಪ್ರಾಡರ್-ವಿಲ್ಲಿ ಸಿಂಡ್ರೋಮ್ ಇರುವ ಮಗಳ ತೂಕ: ಅಡುಗೆಮನೆಗೆ ಬೀಗ ಹಾಕುವುದು ಸರಿಯೇ?

ಪ್ರಶ್ನೆ (ತಾಯಿ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗ ಹಾಲು ಚೀಪುವ ಶಕ್ತಿಯೂ ಇರದೆ ನಳಿಕೆಯ ಮೂಲಕ ಹಾಲುಂಡ ಮಗು ಇವಳು. ರಕ್ತದ ಮಿಥೈಲೇಷನ್ ಪರೀಕ್ಷೆಯಲ್ಲಿ (ಜೀನ್‌ಗಳು ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ ಎಂದು ನೋಡುವ ಪರೀಕ್ಷೆ) ಪ್ರಾಡರ್-ವಿಲ್ಲಿ ಎಂಬ, ಹುಟ್ಟಿನಿಂದಲೇ ಇರುವ ಅಪರೂಪದ ಜೀನ್ ಕಾಯಿಲೆ ಖಚಿತವಾಯಿತು. ಈಚೆಗೆ ಅವಳ ಹಸಿವಿಗೆ ಮಿತಿಯೇ ಇಲ್ಲವಾಗಿದೆ. ತಟ್ಟೆ ಖಾಲಿಯಾದ ಮೇಲೂ ಏಳುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿಗಳಿಂದ ಬೆಲ್ಲ, ಮಂಡಕ್ಕಿ ತೆಗೆದು ತಿನ್ನುತ್ತಾಳೆ. ಅಡುಗೆಮನೆಗೆ ಬೀಗ ಹಾಕೋಣವೆಂದರೆ, "ಹಸಿದ ಕೂಸಿಗೆ ಅನ್ನ ಮುಚ್ಚಿಡುವುದೇ?" ಎಂದು ಅತ್ತೆಯವರು ಕಣ್ಣೀರು ಹಾಕುತ್ತಾರೆ. ಬೀಗದಿಂದ ಅವಳ ಮನಸ್ಸಿಗೆ ನೋವಾಗುವುದಿಲ್ಲವೇ? ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಈ ಹಸಿವನ್ನು ಕಡಿಮೆ ಮಾಡಬಹುದೇ?

ಉತ್ತರ 1 (ಹದಿಹರೆಯದ ಮಗನ ತಂದೆ, ಹುಬ್ಬಳ್ಳಿ)

ಸಹೋದರಿಯವರೇ, ಬೀಗ ಹಾಕಿ. ನಮ್ಮ ಮನೆಯಲ್ಲಿ ಫ್ರಿಜ್ಜಿಗೂ ಬೀಗವಿದೆ. ಅದರಿಂದ ಮಗನಿಗೆ ನೆಮ್ಮದಿಯೇ ಸಿಕ್ಕಿದೆ. ಏನಾದರೂ ಸಿಗಬಹುದೆಂಬ ಆಸೆ ಉಳಿದಿರುವವರೆಗೆ ಅವನ ಮನಸ್ಸು ಓದಿನಲ್ಲಾಗಲಿ ಆಟದಲ್ಲಾಗಲಿ ನಿಲ್ಲುತ್ತಿರಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಅಂದಿನ ತಿಂಡಿ, ಊಟಗಳನ್ನು, ಎಷ್ಟು ರೊಟ್ಟಿ, ಯಾವ ಪಲ್ಯ ಎಂಬುದರ ಸಮೇತ ಬೆಳಿಗ್ಗೆಯೇ ಬರೆದಿಡುತ್ತೇವೆ. ಗಂಟೆಯನ್ನು ಬರೆಯುವುದಿಲ್ಲ, ಸ್ನಾನದ ನಂತರ ತಿಂಡಿ, ಶಾಲೆಯಿಂದ ಬಂದು ಕೈಕಾಲು ತೊಳೆದ ನಂತರ ಹಣ್ಣು ಎಂದು ಕ್ರಮವನ್ನಷ್ಟೇ ಬರೆಯುತ್ತೇವೆ; ಹಾಗಾಗಿ ಹತ್ತು ನಿಮಿಷ ತಡವಾದರೂ ರಂಪವಾಗುವುದಿಲ್ಲ. ಹಬ್ಬದ ದಿನ ಅರ್ಧ ಹೋಳಿಗೆ ಎಂದು ಬರೆದಿದ್ದರೆ ಅರ್ಧವೇ. ಅತ್ತನೆಂದು ಮರುಗಿ ಇನ್ನರ್ಧ ಕೊಟ್ಟರೆ ಮರುದಿನದಿಂದ ಪ್ರತಿ ಊಟವೂ ಚೌಕಾಸಿಯಾಗುತ್ತದೆ. ನಿಜವಾದ ಕಷ್ಟವಿರುವುದು ಹೊರಗೆ, ಮದುವೆಮನೆಯ ಪಂಕ್ತಿಯಲ್ಲಿ, ಅಕ್ಕರೆಯಿಂದ ಬಿಸ್ಕತ್ತು ಕೊಡುವ ನೆರೆಯವರಲ್ಲಿ. ಅವರಿಗೆಲ್ಲ ಮೊದಲೇ ತಿಳಿಸಿ. ಕದ್ದು ತಿಂದರೂ ದಯವಿಟ್ಟು ಮಗುವನ್ನು ಬಯ್ಯಬೇಡಿ.

ಉತ್ತರ 2 (ಮಕ್ಕಳ ಹಾರ್ಮೋನ್ ವೈದ್ಯೆ, ಬೆಂಗಳೂರು)

ಮೇಲಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅತ್ತೆಯವರಿಗೆ ಹೀಗೆ ತಿಳಿಸಿ ಹೇಳಿ: ತಂದೆಯಿಂದ ಬಂದ 15ನೇ ವರ್ಣತಂತುವಿನಲ್ಲಿ ಕೆಲಸ ಮಾಡಬೇಕಾದ ಕೆಲವು ಜೀನ್‌ಗಳು ಇವಳಲ್ಲಿ ಕೆಲಸ ಮಾಡುತ್ತಿಲ್ಲ, ಹೀಗಾಗಿ ಹೊಟ್ಟೆ ತುಂಬಿತೆಂಬ ತೃಪ್ತಿ ಮಿದುಳಿಗೆ ಸರಿಯಾಗಿ ತಿಳಿಯುವುದೇ ಇಲ್ಲ, ಎಷ್ಟು ಉಣಿಸಿದರೂ ಹಸಿವು ಹಿಂಗುವುದಿಲ್ಲ. ಸ್ನಾಯುಗಳು ಕಡಿಮೆಯಿರುವುದರಿಂದ ಇವಳಿಗೆ ಬೇಕಾದ ಕ್ಯಾಲೊರಿ ಓರಗೆಯ ಮಕ್ಕಳಿಗೆ ಬೇಕಾದುದರ ಶೇ. 60ರಿಂದ 80ರಷ್ಟು ಮಾತ್ರ. ಆದ್ದರಿಂದ ಅನ್ನ, ಸಕ್ಕರೆ ತಗ್ಗಿಸಿ ಬೇಳೆ, ಮೊಳಕೆಕಾಳು, ಸೊಪ್ಪು ಹೆಚ್ಚಿಸಬೇಕು. ಕ್ಯಾಲ್ಸಿಯಂ, ವಿಟಮಿನ್ ಕೊರತೆಯಾಗದಂತೆ ಆಹಾರತಜ್ಞರು ನೋಡಿಕೊಳ್ಳಬೇಕು.

ಬೆಳವಣಿಗೆಯ ಹಾರ್ಮೋನ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2000ದಲ್ಲಿಯೇ ಒಪ್ಪಿಗೆ ಸಿಕ್ಕಿದೆ. ಅದು ಎತ್ತರವನ್ನೂ ಸ್ನಾಯುವನ್ನೂ ಹೆಚ್ಚಿಸಿ ಕೊಬ್ಬನ್ನು ಇಳಿಸುತ್ತದೆ, ಹಸಿವನ್ನಲ್ಲ. ಆರಂಭಿಸುವ ಮುನ್ನ ನಿದ್ರೆಯ ಉಸಿರಾಟವನ್ನೂ ಬೆನ್ನುಮೂಳೆಯನ್ನೂ ಪರೀಕ್ಷಿಸಬೇಕು. ಹಸಿವಿಗೆಂದೇ ಡಯಾಜಾಕ್ಸೈಡ್ ಕೋಲಿನ್ ಎಂಬ ಮಾತ್ರೆಗೆ 2025ರ ಮಾರ್ಚ್‌ನಲ್ಲಿ ಅಲ್ಲಿ ಒಪ್ಪಿಗೆ ದೊರೆತಿದೆ. ಅದರಿಂದ ರಕ್ತದ ಸಕ್ಕರೆ ಏರಬಹುದು, ಮೈಯಲ್ಲಿ ಬಾವು ಬರಬಹುದು. ಮಾತ್ರೆ ಬಂದರೂ ಬೀಗ ಬೇಕೇ ಬೇಕು. ಹೊಟ್ಟೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆಯನ್ನು ಈ ಮಕ್ಕಳಿಗೆ ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಮನೆಯವರೆಲ್ಲರೂ ನೆನಪಿಡಬೇಕು. ಈ ಮಕ್ಕಳಿಗೆ ನೋವು ಕಡಿಮೆ ಗೊತ್ತಾಗುತ್ತದೆ, ವಾಂತಿ ಬರುವುದೂ ಅಪರೂಪ. ಒಮ್ಮೆಲೇ ಬಹಳ ತಿಂದರೆ ಜಠರ ಒಡೆದು ಪ್ರಾಣಕ್ಕೆ ಅಪಾಯವಾಗಬಹುದು. ಹೊಟ್ಟೆ ಉಬ್ಬಿದರೆ, ವಾಂತಿಯಾದರೆ, ಅಥವಾ ಅವಳೇ ಊಟ ಬೇಡವೆಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಬೀಗದ ಒಂದು ಕೀಲಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಾಗಿ ಅವರೇ ಹೇಳಿದರು. ಆದರೆ ಚುಚ್ಚುಮದ್ದಿನ ಖರ್ಚು ನಮ್ಮ ಕೈಮೀರಿದ್ದು.

ಉತ್ತರ 3 (ವೈದ್ಯೆ)

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪ್ರಾಡರ್-ವಿಲ್ಲಿಗೆ ನೀಡುವ ಬೆಳವಣಿಗೆಯ ಹಾರ್ಮೋನ್ ಸೇರಿದೆ. ನೀತಿಯಡಿ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಅರ್ಜಿಯನ್ನು ಗುರುತಿಸಲಾದ ಕೇಂದ್ರಗಳ ಮೂಲಕವೇ ಸಲ್ಲಿಸಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅವುಗಳಲ್ಲೊಂದು. ಮಿಥೈಲೇಷನ್ ವರದಿಯ ಮೂಲ ಪ್ರತಿಯನ್ನೂ ಇದುವರೆಗಿನ ಎತ್ತರ, ತೂಕಗಳ ದಾಖಲೆಯನ್ನೂ ಜೊತೆಗೆ ತನ್ನಿ.