ಬೆಳಿಗ್ಗೆ ಇಪ್ಪತ್ತೇ ನಿಮಿಷ ಸಿಗುವ ವಿದ್ಯಾರ್ಥಿನಿ ತೂಕ ಇಳಿಸಲು ಎಂಥ ಬುತ್ತಿ ಕಟ್ಟಿಕೊಳ್ಳಬೇಕು?

ಪ್ರಶ್ನೆ: ಧಾರವಾಡದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ವಯಸ್ಸು 22, ಎತ್ತರ 156 ಸೆಂಟಿಮೀಟರ್, ತೂಕ 68 ಕಿಲೊ. ಊರಿನಿಂದ ಇಲ್ಲಿಗೆ ಬಂದಾಗ 60 ಕಿಲೊ ಇದ್ದೆ. ಒಂದೂವರೆ ವರ್ಷದಲ್ಲಿ ಏರಿದ ಈ ಎಂಟು ಕಿಲೊ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ.

ಇಬ್ಬರು ಗೆಳತಿಯರೊಂದಿಗೆ ಒಂದು ರೂಮಿನಲ್ಲಿ ಇದ್ದೇನೆ. ನಮ್ಮಲ್ಲಿ ಒಂದು ಗ್ಯಾಸ್ ಒಲೆ, ಮೂರು ಲೀಟರಿನ ಒಂದು ಕುಕ್ಕರ್, ಒಂದು ಹಂಚು, ಒಂದು ಬಾಣಲೆ ಇವೆ, ಫ್ರಿಜ್ ಇಲ್ಲ. ಮನೆಯ ಮಾಲೀಕರು ಮೊಟ್ಟೆಗೆ ಒಪ್ಪುವುದಿಲ್ಲ. ಬೆಳಿಗ್ಗೆ 8.15ಕ್ಕೆ ಹೊರಟರೆ ಮರಳುವಾಗ ಸಂಜೆ 5.30 ಆಗಿರುತ್ತದೆ. ಮಧ್ಯಾಹ್ನ 1.15ಕ್ಕೆ ಊಟದ ಬಿಡುವು. ಮೊದಲು ಕ್ಯಾಂಟೀನಿನಲ್ಲಿ ಪೂರಿ ಅಥವಾ ಅನ್ನ-ಸಾರಿನಲ್ಲಿ ಮುಗಿಸುತ್ತಿದ್ದೆ. ಕಳೆದ ಒಂದು ತಿಂಗಳಿಂದ ತೂಕ ಇಳಿಸಬೇಕೆಂದು ಡಬ್ಬಿಯಲ್ಲಿ ಬರೀ ಸವತೀಕಾಯಿ ಮತ್ತು ಒಂದು ಸೇಬು ಒಯ್ಯುತ್ತಿದ್ದೇನೆ. ಆದರೆ ನಾಲ್ಕು ಗಂಟೆಯ ಹೊತ್ತಿಗೆ ತಲೆ ತಿರುಗಿದಂತಾಗಿ ತರಗತಿಯಲ್ಲಿ ಏನೂ ಕೇಳಿಸದಾಗುತ್ತದೆ, ಹೊರಬಿದ್ದ ಕೂಡಲೇ ಕಾಲುಗಳು ತಾವಾಗಿಯೇ ಗಿರಮಿಟ್-ಮಿರ್ಚಿಯ ಗಾಡಿಯ ಕಡೆಗೆ ನಡೆಯುತ್ತವೆ. ತಿಂಗಳಲ್ಲಿ ಇಳಿದದ್ದು ಅರ್ಧ ಕಿಲೊ ಮಾತ್ರ.

ಎರಡು ತಿಂಗಳಲ್ಲಿ ಅಕ್ಕನ ಮದುವೆಯಿದೆ. ಅಷ್ಟರೊಳಗೆ 10 ಕಿಲೊ ಇಳಿಸಬೇಕೆಂಬ ಆಸೆ. ಬೆಳಿಗ್ಗೆ ಅಡಿಗೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ, ದಿನಕ್ಕೆ ಐವತ್ತು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾಗುವುದಿಲ್ಲ. ಓಟ್ಸ್, ಕಿನೋವಾ, ಬ್ರೊಕೊಲಿ ಎಂದು ಬರೆಯುವವರು ದಯವಿಟ್ಟು ಅವು ನನ್ನ ಓಣಿಯ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕಾಗಿ ವಿನಂತಿ.

ಉತ್ತರ 1: ಹುಬ್ಬಳ್ಳಿಯ ಓದುಗ

ತಂಗೀ, ನಾನು ಕೂಡ ಧಾರವಾಡದ ರೂಮಿನಲ್ಲಿ ನಾಲ್ಕು ವರ್ಷ ಕಳೆದವನು. ಈಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೇನೆ, ಬುತ್ತಿ ಕಟ್ಟಿಕೊಳ್ಳುವ ರೂಢಿ ಮಾತ್ರ ಬಿಟ್ಟಿಲ್ಲ. ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಸವತೀಕಾಯಿ ಮತ್ತು ಸೇಬು ಊಟವಲ್ಲ. ಮಧ್ಯಾಹ್ನ ಹೊಟ್ಟೆಗೆ ಮೋಸ ಮಾಡಿದರೆ ಅದು ಸಂಜೆ ಮಿರ್ಚಿಯ ಗಾಡಿಯ ಮುಂದೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಸಂಜೆಯ ಮಿರ್ಚಿಯನ್ನು ತಪ್ಪಿಸುವಂತಹ ಮಧ್ಯಾಹ್ನದ ಊಟ ಯಾವುದು ಎಂದು ಯೋಚಿಸಿದರೆ ದಾರಿ ಸುಲಭವಾಗುತ್ತದೆ. ನನ್ನ ಅನುಭವದಲ್ಲಿ ಅದಕ್ಕೆ ಉತ್ತರ ಕಾಳು.

ಬೆಳಗಿನ ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಮಾಡಲು ಹೋಗಬೇಡಿ. ಹೆಚ್ಚಿನ ಕೆಲಸವನ್ನು ನೀರು ಮತ್ತು ಬಟ್ಟೆ ಮಾಡಲಿ. ಕಾಲೇಜಿಗೆ ಹೊರಡುವ ಮುನ್ನ ಮೂರು ಮುಷ್ಟಿ ಮಡಕಿ ಕಾಳನ್ನು, ಅಂದರೆ ತಲೆಗೊಂದು ಮುಷ್ಟಿಯಂತೆ, ನೀರಿನಲ್ಲಿ ನೆನೆಯಿಡಿ. ಸಂಜೆ ಬಂದು ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಬೆಳಿಗ್ಗೆ ಮೊಳಕೆ ಬಂದಿರುತ್ತದೆ. ಒಂದು ಗಂಟು ಬಿಚ್ಚುವ ಹೊತ್ತಿಗೆ ಇನ್ನೊಂದು ಪಾತ್ರೆಗೆ ಕಾಳು ಹಾಕಿದರೆ ಸರಪಳಿ ಕಡಿಯುವುದಿಲ್ಲ. ಮೊಳಕೆಯ ಮಡಕಿ ಬೇಯಲು ಕುಕ್ಕರಿನ ಒಂದೇ ಸೀಟಿ ಸಾಕು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಒಂದು ಉಳ್ಳಾಗಡ್ಡಿಯ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿದರೆ ಉಸಲಿ ಸಿದ್ಧ. ಒಂದು ದಿನ ಹೆಸರುಕಾಳು, ಒಂದು ದಿನ ಅಲಸಂದಿ, ಒಂದು ದಿನ ಕಡಲೆ ಎಂದು ಬದಲಿಸುತ್ತಿರಬಹುದು. ಕಡಲೆಗೆ ಮಾತ್ರ ನಾಲ್ಕೈದು ಸೀಟಿ ಬೇಕಾಗುವುದರಿಂದ ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಎರಡನೆಯದು ರೊಟ್ಟಿ. ನೀವು ಇರುವುದು ಖಡಕ್ ರೊಟ್ಟಿಯ ನಾಡಿನಲ್ಲಿ. ಖಾನಾವಳಿಗಳಲ್ಲಿಯೂ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಬಳಿಯೂ ಕಟ್ಟುಗಟ್ಟಲೆ ಸಿಗುವ ಈ ರೊಟ್ಟಿಗೆ ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವ ಮಾತೇ ಇಲ್ಲ. ಫ್ರಿಜ್ ಇಲ್ಲದ ರೂಮಿಗೆ ಇದಕ್ಕಿಂತ ಒಳ್ಳೆಯ ಸಂಗ್ರಹ ಬೇರೊಂದಿಲ್ಲ. ಬೆಳಿಗ್ಗೆ ಎರಡು ರೊಟ್ಟಿಗೆ ನೀರು ಚಿಮುಕಿಸಿ ತೆಳುವಾದ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನಕ್ಕೆ ಮಡಚಲು ಬರುವಷ್ಟು ಮೆತ್ತಗಾಗುತ್ತವೆ. ಹಾಗೆಯೇ ಮುರಿದು ಮೊಸರಿನೊಂದಿಗೆ ತಿನ್ನುವವರೂ ಇದ್ದಾರೆ, ನಾನು ಆ ಪಂಗಡದವನು.

ಮೂರನೆಯದು ಪಚಡಿ. ಗಜ್ಜರಿ, ಮೂಲಂಗಿ, ಸವತೀಕಾಯಿ, ಮೆಂತ್ಯ ಸೊಪ್ಪು ಇವುಗಳಲ್ಲಿ ಅಂದು ಅಗ್ಗವಾಗಿ ಸಿಕ್ಕಿದ್ದನ್ನು ಹೆಚ್ಚಿ ಒಂದು ಡಬ್ಬಿಗೆ ತುಂಬಿ. ಉಪ್ಪನ್ನು ಬೆಳಿಗ್ಗೆಯೇ ಬೆರೆಸಿದರೆ ಮಧ್ಯಾಹ್ನದ ಹೊತ್ತಿಗೆ ತರಕಾರಿ ನೀರು ಬಿಟ್ಟು ಮೆತ್ತಗಾಗಿರುತ್ತದೆ. ಉಪ್ಪು ಮತ್ತು ಗುರೆಳ್ಳು ಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ಒಯ್ದು ತಿನ್ನುವಾಗ ಬೆರೆಸಿಕೊಳ್ಳಿ.

ಎಣ್ಣೆಯ ಬಗ್ಗೆ ಒಂದು ಮಾತು. ನಾವು ಹುಡುಗರು ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುತ್ತಿದ್ದೆವು, ಮೂವರ ಪಲ್ಯಕ್ಕೆ ಎಷ್ಟು ಹೋಗುತ್ತಿತ್ತೆಂದು ಒಮ್ಮೆ ಅಳೆದಾಗ ನಾವೇ ಬೆಚ್ಚಿಬಿದ್ದೆವು. ಎಣ್ಣೆಯ ಬಾಟಲಿಯ ಪಕ್ಕದಲ್ಲಿ ಚಹಾ ಚಮಚ ಇಡಿ, ತಲೆಗೊಂದು ಚಮಚದ ಲೆಕ್ಕ ಮೀರಬೇಡಿ. ಝುಣಕ ಹತ್ತು ನಿಮಿಷದಲ್ಲಿ ಆಗುತ್ತದೆ, ಡಬ್ಬಿಯಲ್ಲಿ ಸೋರುವುದೂ ಇಲ್ಲ, ಆದರೆ ಕಡಲೆ ಹಿಟ್ಟು ಎಣ್ಣೆಯನ್ನು ಹೀರುವ ಪರಿ ನಿಮಗೆ ಗೊತ್ತೇ ಇದೆ, ವಾರಕ್ಕೊಮ್ಮೆ ಸಾಕು. ಎಣ್ಣೆಗಾಯಿಯ ಹೆಸರಿನಲ್ಲಿಯೇ ಅದರ ಗುಟ್ಟು ಇರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ.

ಮೊಸರಿಗೂ ಫ್ರಿಜ್ ಬೇಕಿಲ್ಲ. ರಾತ್ರಿ ಮಲಗುವ ಮುನ್ನ ಒಯ್ಯುವ ಸ್ಟೀಲ್ ಡಬ್ಬಿಗೇ ಉಗುರುಬೆಚ್ಚಗಿನ ಹಾಲು ಹಾಕಿ ಹೆಪ್ಪು ಬಿಡಿ. ಬೆಳಿಗ್ಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೊಸರು ಮಧ್ಯಾಹ್ನದವರೆಗೂ ತೀರಾ ಹುಳಿಯಾಗುವುದಿಲ್ಲ. ಮುಚ್ಚಳ ಭದ್ರವಾಗಿರಲಿ. ನನ್ನ ಒಂದು ಲೆಕ್ಕಶಾಸ್ತ್ರದ ಪುಸ್ತಕದಿಂದ ಇಂದಿಗೂ ಹುಳಿ ವಾಸನೆ ಹೋಗಿಲ್ಲ.

ಉತ್ತರ 2: ಆಹಾರತಜ್ಞೆ, ಮೈಸೂರು

ಮೇಲಿನ ಉತ್ತರದ ಬುತ್ತಿಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಎರಡು ತಿಂಗಳಲ್ಲಿ 10 ಕಿಲೊ ಎಂಬ ಗುರಿಯ ಬಗ್ಗೆ.

ದೇಹದ ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಗಳ ಕೊರತೆ ಬೇಕೆಂಬುದು ಸ್ಥೂಲ ಲೆಕ್ಕ. 10 ಕಿಲೊಗೆ 77,000 ಕ್ಯಾಲೊರಿ. ಅದನ್ನು 60 ದಿನಗಳಿಗೆ ಹಂಚಿದರೆ ದಿನಕ್ಕೆ ಹತ್ತಿರಹತ್ತಿರ 1,280. ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಮತ್ತು ತರಗತಿಯಲ್ಲಿ ಕುಳಿತೇ ಕಳೆಯುವ ದಿನಚರಿಗೆ ದೇಹ ಬಳಸುವುದೇ ಸುಮಾರು 1,900 ಕ್ಯಾಲೊರಿ. ಉಳಿಯುವ 600 ಚಿಲ್ಲರೆ ಕ್ಯಾಲೊರಿಯಲ್ಲಿ ದಿನವಿಡೀ ಬದುಕಿ ಪರೀಕ್ಷೆಗೂ ಓದುವುದು ಆಗದ ಮಾತು, ಮಾಡಬಾರದ್ದು ಕೂಡ. ದಿನಕ್ಕೆ 1,500ರ ಆಸುಪಾಸಿನಲ್ಲಿ ಉಂಡರೆ ವಾರಕ್ಕೆ ಸುಮಾರು 400 ಗ್ರಾಂ ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಮದುವೆಯ ಹೊತ್ತಿಗೆ ಮೂರರಿಂದ ನಾಲ್ಕು ಕಿಲೊ. ನಿಮ್ಮ ದೇಹದ ತೂಕದ ಸೂಚ್ಯಂಕ ಈಗ 28ರ ಹತ್ತಿರ ಇದೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕವೆಂದೂ 25ರಿಂದ ಬೊಜ್ಜು ಎಂದೂ ಎಣಿಸುವುದರಿಂದ ತೂಕ ಇಳಿಸಬೇಕೆಂಬ ನಿಮ್ಮ ನಿರ್ಧಾರ ಸರಿಯಾದದ್ದೇ. ಅವಸರವೊಂದು ಬೇಡ.

ಈಗ ಬುತ್ತಿಯ ಲೆಕ್ಕ. ತಲಾ 50 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗೆ ಸುಮಾರು 340 ಕ್ಯಾಲೊರಿ ಮತ್ತು 10 ಗ್ರಾಂ ಪ್ರೋಟೀನ್. ಒಣಗಿದ ಸ್ಥಿತಿಯಲ್ಲಿ 40 ಗ್ರಾಂ ತೂಗುವ ಮಡಕಿ ಕಾಳಿಗೆ 130 ಕ್ಯಾಲೊರಿ ಮತ್ತು 9 ಗ್ರಾಂ ಪ್ರೋಟೀನ್. ಒಂದು ಚಹಾ ಚಮಚ ಎಣ್ಣೆಗೆ 45 ಕ್ಯಾಲೊರಿ. ನೂರು ಗ್ರಾಂ ಮೊಸರಿಗೆ 60 ಕ್ಯಾಲೊರಿ ಮತ್ತು 3 ಗ್ರಾಂ ಪ್ರೋಟೀನ್. ಒಟ್ಟು ಆರು ನೂರರ ಒಳಗೆ ಹೊಟ್ಟೆ ತುಂಬುವ ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 55 ಕಿಲೊ ತೂಕದ ಮಹಿಳೆಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಸೂಚಿಸಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಡಬ್ಬಿಯಲ್ಲಿ ಬಂತು. ಸವತೀಕಾಯಿ-ಸೇಬಿನ ಡಬ್ಬಿಯಲ್ಲಿ ಎರಡು ಗ್ರಾಂ ಕೂಡ ಇರಲಿಲ್ಲ. ನಾಲ್ಕು ಗಂಟೆಗೆ ತಲೆ ತಿರುಗುವುದರಲ್ಲಿ ಆಶ್ಚರ್ಯವೇನಿದೆ?

ಆದರೂ ತಲೆ ತಿರುಗುವುದನ್ನು ಹಸಿವೆಯ ಲೆಕ್ಕಕ್ಕೆ ಮಾತ್ರ ಬರೆದು ಸುಮ್ಮನಾಗಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ, ದಪ್ಪಗಿರುವವರು ಇದಕ್ಕೆ ಹೊರತಲ್ಲ. ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಒಂದೂವರೆ ವರ್ಷದಲ್ಲಿ ಎಂಟು ಕಿಲೊ ಏರಿರುವುದರಿಂದ ಥೈರಾಯ್ಡ್ ಪರೀಕ್ಷೆಯೂ ಆಗಲಿ; ಮುಟ್ಟು ಏರುಪೇರಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಉಸಲಿಗೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ, ಕಾಳಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣಾಂಶ ವ್ಯರ್ಥವಾಗುವುದರಿಂದ ಒಂದು ಗಂಟೆಯಾದರೂ ತಡೆಯಿರಿ. ಮೊಳಕೆಕಾಳನ್ನು ಹಸಿಯಾಗಿ ಒಯ್ಯುವ ಬದಲು ಬೇಯಿಸಿಯೇ ಒಯ್ಯಿರಿ, ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ರೋಗಾಣುಗಳಿಗೂ ಸುಗ್ಗಿಯೇ.

ಉತ್ತರ 3: ಬೆಂಗಳೂರಿನ ವಿದ್ಯಾರ್ಥಿ

ರೊಟ್ಟಿ ಸಿಗದ ಕಡೆ ಇರುವ ನಮ್ಮಂಥವರ ಪರವಾಗಿ ಎರಡು ಮಾತು. ನಾನು ಹಾಸನ ಜಿಲ್ಲೆಯವನು. ಮಧ್ಯಾಹ್ನ ಅನ್ನವಿಲ್ಲದಿದ್ದರೆ ಊಟ ಮಾಡಿದಂತೆಯೇ ಅನಿಸುವುದಿಲ್ಲ. ಅನ್ನವನ್ನು ಬಿಡದೆ ಅಳತೆಯನ್ನು ಬದಲಿಸಿ ಆರು ತಿಂಗಳಲ್ಲಿ ಏಳು ಕಿಲೊ ಇಳಿಸಿದ್ದೇನೆ. ಮೊದಲು ಒಂದು ಲೋಟ ಅಕ್ಕಿಗೆ ಕಾಲು ಲೋಟ ಬೇಳೆ ಹಾಕಿ ಬಿಸಿಬೇಳೆಬಾತ್ ಮಾಡುತ್ತಿದ್ದೆ. ಈಗ ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಎರಡು ಲೋಟ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ಸೀಮೆಬದನೆ ಎಲ್ಲವನ್ನೂ ಒಂದೇ ಕುಕ್ಕರಿಗೆ ಹಾಕುತ್ತೇನೆ, ಅದು ನನ್ನ ಮತ್ತು ಜೊತೆಗಾರನ ಡಬ್ಬಿಗೆ ಸಾಕಾಗುತ್ತದೆ. ತರಕಾರಿಯನ್ನು ರಾತ್ರಿಯೇ ಹೆಚ್ಚಿಟ್ಟಿರುವುದರಿಂದ ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರು ಸೀಟಿ ಆಗಿರುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ ಮಧ್ಯಾಹ್ನ ತಿನ್ನುವ ಸಾಹಸವನ್ನು ಫ್ರಿಜ್ ಇಲ್ಲದವರು ಮಾಡಬೇಡಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ, ಅದು ಬಿಡುವ ಒಂದು ಬಗೆಯ ವಿಷ ಮತ್ತೆ ಒಗ್ಗರಣೆಯಲ್ಲಿ ಹುರಿದರೂ ಹೋಗುವುದಿಲ್ಲ. ನಾನು ಇದನ್ನು ಕಲಿತದ್ದು ಸೆಮಿಸ್ಟರ್ ಪರೀಕ್ಷೆಯ ಹಿಂದಿನ ದಿನ, ಬಚ್ಚಲುಮನೆಯಲ್ಲಿ.

ಪ್ರಶ್ನೆ ಕೇಳಿದವರ ಮರುಬರಹ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಹಿಮೋಗ್ಲೋಬಿನ್ 10.4 ಬಂದಿದೆ, ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ, ಥೈರಾಯ್ಡ್ ಸರಿಯಾಗಿದೆ. ಮೂವರೂ ಒಂದೇ ಬುತ್ತಿಗೆ ಒಪ್ಪಿಕೊಂಡು ಸರದಿ ಹಾಕಿಕೊಂಡಿದ್ದೇವೆ, ಆದ್ದರಿಂದ ಮೂರು ದಿನಕ್ಕೊಮ್ಮೆ ಮಾತ್ರ ನನ್ನ ಪಾಳಿ. ತೂಕ 66.8 ಆಗಿದೆ. ಮಿರ್ಚಿಯ ಗಾಡಿಯನ್ನು ದಾಟಿ ಬರಲು ಈಗ ಸಾಧ್ಯವಾಗುತ್ತಿದೆ. ಶನಿವಾರದ ಒಂದು ಪ್ಲೇಟ್ ಗಿರಮಿಟ್ಟನ್ನು ಮಾತ್ರ ಬಿಟ್ಟಿಲ್ಲ, ಬಿಡುವ ವಿಚಾರವೂ ಇಲ್ಲ.

ತೊಂದರೆ ಎರಡು. ಬಿಸಿಲು ಏರಿದ್ದರಿಂದ ಬಟ್ಟೆಯಲ್ಲಿ ಕಟ್ಟಿದ ಕಾಳು ಒಮ್ಮೊಮ್ಮೆ ಅಂಟಂಟಾಗಿ ವಾಸನೆ ಬರುತ್ತಿದೆ. ಜೊತೆಗೆ ನನ್ನ ಗೆಳತಿಯೊಬ್ಬಳಿಗೆ ಉಸಲಿ ಕಂಡರೆ ಸಾಕಾಗಿ ಹೋಗಿದೆ.

ಉತ್ತರ 4: ಗದಗದ ಗೃಹಿಣಿ

ಅಂಟು ಬಂದ ಕಾಳನ್ನು ತೊಳೆದು ಬಳಸುವ ಆಸೆ ಬೇಡವಮ್ಮಾ, ಚೆಲ್ಲಿಬಿಡಿ. ಬೇಸಿಗೆಯಲ್ಲಿ ಕಾಳನ್ನು ಎಂಟು ಗಂಟೆಗಿಂತ ಹೆಚ್ಚು ನೆನೆಸಬಾರದು. ನೀವು ಬೆಳಿಗ್ಗೆ ನೆನೆಯಿಟ್ಟು ಸಂಜೆ 5.30ರವರೆಗೆ ಬಿಡುತ್ತಿರುವುದೇ ವಾಸನೆಗೆ ಕಾರಣವಿರಬಹುದು. ಬೇಸಿಗೆ ಮುಗಿಯುವವರೆಗೆ ಮೊಳಕೆಯ ಹಟ ಬಿಟ್ಟು ರಾತ್ರಿ ಹತ್ತಕ್ಕೆ ನೆನೆಯಿಟ್ಟು ಬೆಳಿಗ್ಗೆ ಆರಕ್ಕೆ ನೇರವಾಗಿ ಬೇಯಿಸಿ. ಒಂದು ಸೀಟಿಯ ಬದಲು ಎರಡು ಆದೀತು, ಅಷ್ಟೇ. ಹಸಿ ಕೊಬ್ಬರಿಯ ತುರಿಯನ್ನೂ ಈ ದಿನಗಳಲ್ಲಿ ಡಬ್ಬಿಗೆ ಹಾಕಬೇಡಿ, ಅದು ಎಲ್ಲಕ್ಕಿಂತ ಮೊದಲು ಹಳಸುತ್ತದೆ.

ಉಸಲಿ ಬೇಸರವಾದವರಿಗೆ ನುಚ್ಚಿನುಂಡೆ ಮಾಡಿಕೊಡಿ. ತೊಗರಿಬೇಳೆ ಅಥವಾ ಕಡಲೆಬೇಳೆಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿಯೊಂದಿಗೆ ನೀರು ಹಾಕದೆ ತರಿತರಿಯಾಗಿ ರುಬ್ಬಿ, ಹೆಚ್ಚಿದ ಸಬ್ಬಸಿಗೆ ಸೊಪ್ಪು ಮತ್ತು ಉಪ್ಪು ಬೆರೆಸಿ ಉಂಡೆ ಕಟ್ಟಿ, ಸೀಟಿಯ ತೂಕ ತೆಗೆದ ಕುಕ್ಕರಿನಲ್ಲಿ ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ಎಣ್ಣೆಯ ಹನಿಯೂ ಬೇಕಿಲ್ಲ. ಮಿಕ್ಸರ್ ಇಲ್ಲದಿದ್ದರೆ ಮಾಲೀಕರ ಮನೆಯಲ್ಲಿ ಕೇಳಿ. ಮೊಟ್ಟೆಗೆ ಒಪ್ಪದಿದ್ದವರು ನುಚ್ಚಿನುಂಡೆಗೆ ಇಲ್ಲವೆನ್ನಲಾರರು, ಎರಡು ಉಂಡೆ ಅವರಿಗೂ ಕೊಡಿ. ಉಂಡೆಗಳು ಪೂರ್ತಿ ಆರಿದ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಹಬೆಯ ನೀರು ಒಳಗೇ ಇಳಿದು ಮಧ್ಯಾಹ್ನದ ಹೊತ್ತಿಗೆ ಕೆಡುತ್ತವೆ.