ಸಹಾಯ ಬೇಕು: ಮಲ್ಲೇಶ್ವರದ ಹಿತ್ತಲ ಗಲ್ಲಿಗಳನ್ನು ಮತ್ತೆ ನಡೆಯುವ ದಾರಿ ಮಾಡಬೇಕು

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಹಿತ್ತಲ ನಡುವೆ ಕನ್ಸರ್ವೆನ್ಸಿ ಲೇನ್‌ಗಳಿವೆ, ನೋಡಿರುತ್ತೀರಿ. 1898ರ ಪ್ಲೇಗ್ ಆದ ಮೇಲೆ ಬಡಾವಣೆ ಬೆಳೆದಾಗ ಮಲ ಸಾಗಿಸುವ ಗಾಡಿಗಳಿಗೆ ಅಂತ ಬಿಟ್ಟ ಜಾಗ ಅದು. ಒಳಚರಂಡಿ ಬಂತು, ಆ ಕೆಲಸ ಮುಗಿಯಿತು. ಈಗ ನಮ್ಮ ಹಿಂದಿನ ಲೇನ್‌ನಲ್ಲಿ ಒಡೆದ ಹೆಂಚು, ಹಳೇ ಕಮೋಡು, ಕಟ್ಟಡದ ಮಣ್ಣು, ಜೊತೆಗೆ ಯಾರೋ ಹಾಕಿದ ಬೀಗದ ಗೇಟು. ಸುಮ್ನೆ ಕ್ಲೀನ್ ಮಾಡಿದರೆ ಸಾಲದು, ಜನ ಓಡಾಡಿದರೆ ಮಾತ್ರ ಕಸ ಬೀಳುವುದು ನಿಲ್ಲುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ವಯಸ್ಸಾದವರಿಗೆ, ಶಾಲೆ ಮಕ್ಕಳಿಗೆ ಗಾಡಿ ಕಾಟವಿಲ್ಲದ ದಾರಿ ಸಿಗುತ್ತದಲ್ವಾ?

ಬೀದಿಯವರು ಸೇರಿ ನಕ್ಷೆ ಮಾಡಿ ವಾರ್ಡ್ ಸಮಿತಿ ಮುಂದೆ ಇಡಬೇಕು ಅಂತಿದ್ದೇವೆ. ಅಳತೆ ತೆಗೆದು ಡ್ರಾಯಿಂಗ್ ಮಾಡಿಕೊಡುವ ಆರ್ಕಿಟೆಕ್ಟ್ ಅಥವಾ ಪ್ಲಾನಿಂಗ್ ವಿದ್ಯಾರ್ಥಿಗಳು ಇದ್ದೀರಾ? ಲೇನ್ ಸಾರ್ವಜನಿಕ ಜಾಗ ಅಂತ ತೋರಿಸುವ ಹಳೇ ಸರ್ವೆ ನಕ್ಷೆಗೆ ಯಾವ ಕಚೇರಿಯಲ್ಲಿ ಅರ್ಜಿ ಹಾಕಬೇಕು?

ಇನ್ನೊಂದು ವಿಷಯ, ಇದು ಅರ್ಜೆಂಟು. ಮೂಲೆ ಮನೆಯನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸುತ್ತಾರಂತೆ. ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಹಿಂದೆ ಹೀಗೆ ಆಕ್ಷೇಪಣೆ ಸಲ್ಲಿಸಿದವರು ಅದರ ಒಂದು ಪ್ರತಿ ಇಲ್ಲಿ ಹಾಕಿ, ಪ್ಲೀಸ್.