ಇಂಟೀರಿಯರ್ ವಾಪಸ್ ಹಾಕಿದ ಮೇಲೆ ಮಿನಿಯ ಲೈಟುಗಳಿಗೆ ಹುಚ್ಚು ಹಿಡಿದಿದೆ

ಹಳೇಮಿನಿ71:

ಎಲ್ಲರಿಗೂ ನಮಸ್ಕಾರ. ಗಾಡಿ 1971ರ ಮಿನಿ. ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ಗಾಡಿಯ ಲೋಹದ ಬಾಡಿಗೆ ಕೂಡಿರುವುದು, ಕರೆಂಟ್ ವಾಪಸ್ ಹೋಗುವುದು ಬಾಡಿ ಮೂಲಕ), ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೇ ಮಾದರಿ ಜನರೇಟರ್), ಮಧ್ಯದಲ್ಲಿ ಮೂರು ಮೀಟರ್ ಇರುವ ಮಾದರಿ. ಎಂಟು ತಿಂಗಳ ಹಿಂದೆ ಸೀಟು, ಕಾರ್ಪೆಟ್, ಟ್ರಿಮ್, ಮೀಟರ್ ಎಲ್ಲವನ್ನೂ ಬಿಚ್ಚಿದ್ದೆ. ನೆಲದ ತುಕ್ಕು ಕೆರೆದು, ಡಿಕ್ಕಿ ಒಳಗೆ ಮತ್ತು ಹಿಂದಿನ ಲ್ಯಾಂಪುಗಳ ಸುತ್ತ ಎರಡು ಕೋಟ್ ಪೇಂಟ್ ಹೊಡೆದು, ಹೊಸ ಕಾರ್ಪೆಟ್ ಹಾಸಿ, ಹೋದ ವಾರ ಎಲ್ಲ ವಾಪಸ್ ಜೋಡಿಸಿದೆ. ಬಿಚ್ಚುವ ಮುಂಚೆ ಎಲ್ಲವೂ ಸರಿಯಾಗಿತ್ತು, ಬೇಕಾದರೆ ಆಣೆ ಮಾಡಿ ಹೇಳುತ್ತೇನೆ.

ಈಗಿನ ಕತೆ ಕೇಳಿ. ಬ್ರೇಕ್ ಒತ್ತಿದರೆ ಬಲಗಡೆ ಲೈಟ್ ಚೆನ್ನಾಗಿ ಉರಿಯುತ್ತದೆ, ಎಡಗಡೆಯದು ಮಂಕು. ಅಷ್ಟೇ ಆಗಿದ್ದರೆ ಬಲ್ಬ್ ಹೋಗಿದೆ ಅಂತ ಸುಮ್ನೆ ಇರುತ್ತಿದ್ದೆ. ಆದರೆ ಬ್ರೇಕ್ ಒತ್ತಿದಾಗ ಎಡಗಡೆ ಇಂಡಿಕೇಟರ್ ಕೂಡ ಮಂಕಾಗಿ ಉರಿಯುತ್ತದೆ, ಹಿಂದಿನದಷ್ಟೇ ಅಲ್ಲ, ಮುಂದಿನದೂ! ಎಡಗಡೆ ಇಂಡಿಕೇಟರ್ ಹಾಕಿದರೆ ಅದರ ಲಯವೇ ತಪ್ಪಿದೆ.

ಎರಡನೆಯದು ಮೀಟರ್. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಪೆಟ್ರೋಲ್ ಇದೆ, ಕಡ್ಡಿ ಇಳಿಸಿ ನೋಡಿದ್ದೇನೆ. ಆದರೂ ಮುಳ್ಳು ಪೂರ್ತಿ ತುಂಬಿದೆ ಎನ್ನುತ್ತದೆ. ಇಂಜಿನ್ ಐದು ನಿಮಿಷ ಓಡಿದರೆ ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಡುತ್ತದೆ, ರೇಡಿಯೇಟರ್ ಮುಟ್ಟಿದರೆ ಇನ್ನೂ ಬೆಚ್ಚಗೂ ಆಗಿರುವುದಿಲ್ಲ.

ಮೂರನೆಯದು ಫ್ಯೂಸ್. ಹಾರ್ನ್ ಮತ್ತು ಒಳಗಿನ ಲೈಟಿನ ಫ್ಯೂಸ್ ಹಾರುತ್ತಿದೆ. ಹಾಕಿದ ತಕ್ಷಣ ಅಲ್ಲ. ಗಾಡಿ ನಿಂತಿದ್ದರೆ ಏನೂ ಇಲ್ಲ, ಬಾಗಿಲು ಜೋರಾಗಿ ಹಾಕಿದರೆ ಒಮ್ಮೊಮ್ಮೆ ಢಂ.

ಹೊಸ ಫ್ಲಾಶರ್ (ಇಂಡಿಕೇಟರ್ ಮಿನುಗಿಸುವ ಡಬ್ಬಿ), ಹೊಸ ಟ್ಯಾಂಕ್ ಸೆಂಡರ್ (ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಭಾಗ) ತರಿಸೋಣ ಅಂತಿದ್ದೇನೆ. ಪೂರ್ತಿ ವೈರಿಂಗ್ ಸೆಟ್ ಬದಲಿಸಬೇಕಾ? ಅಂದಹಾಗೆ ಮೀಟರ್ ಹಿಂದೆ ಒಂದು ಕಪ್ಪು ವೈರ್ ಉಳಿದುಬಿಟ್ಟಿದೆ, ತುದಿಯಲ್ಲಿ ಉಂಗುರ ಇದೆ, ಎಲ್ಲಿಗೂ ಕೂಡುತ್ತಿಲ್ಲ. ಬೇಡದ್ದಿರಬೇಕು ಅಂತ ಟೇಪ್ ಸುತ್ತಿ ಬಿಟ್ಟಿದ್ದೇನೆ.

ರೂಫ್‌ರ‍್ಯಾಕ್:

ವೈರಿಂಗ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಫ್ಯೂಸ್ ಹಾರುವುದು ಒಮ್ಮೊಮ್ಮೆ ಮಾತ್ರ ಅಂದರೆ ಸ್ವಲ್ಪ ದೊಡ್ಡ ಫ್ಯೂಸ್ ಹಾಕಿ ನೋಡಿ. ನನ್ನ ಹಳೇ ವ್ಯಾನಿಗೆ ಹಾಗೇ ಮಾಡಿದ್ದೆ, ಮತ್ತೆ ಹಾರಲಿಲ್ಲ.

ಗ್ಯಾರೇಜ್ ಅಜ್ಜ:

ರೂಫ್‌ರ‍್ಯಾಕ್ ಅವರೇ, ನಿಮ್ಮ ವ್ಯಾನ್ ಇನ್ನೂ ಇದೆಯಾ? ತಮಾಷೆಗೆ ಕೇಳುತ್ತಿಲ್ಲ. ಫ್ಯೂಸ್ ಹಾರದಿದ್ದರೆ ಬಿಸಿಯಾಗುವುದು ವೈರು. ಅದು ಹೊಸ ಕಾರ್ಪೆಟ್ ಕೆಳಗೆ ಬಿಸಿಯಾಗುತ್ತದೆ, ನಿಮಗೆ ಗೊತ್ತಾಗುವುದು ಹೊಗೆ ಬಂದಾಗ. ಆ ಕೆಲಸ ಬೇಡವೇ ಬೇಡ.

ಹಳೇಮಿನಿ ಅವರೇ, ಒಂದು ಸಾಮಾನನ್ನೂ ಕೊಳ್ಳಬೇಡಿ. ಎಂಟು ತಿಂಗಳು ಸುಮ್ನೆ ನಿಂತ ಗಾಡಿಯಲ್ಲಿ ಫ್ಲಾಶರ್, ಸೆಂಡರ್, ಸ್ಟೆಬಿಲೈಜರ್ ಎಲ್ಲ ಮಾತಾಡಿಕೊಂಡು ಒಂದೇ ದಿನ ಸಾಯುವುದಿಲ್ಲ. ನಿಮ್ಮ ಕೈ ಎಲ್ಲೆಲ್ಲಿ ಆಡಿದೆಯೋ ಅಲ್ಲೇ ತಪ್ಪು ಇದೆ.

ಆ ಕಪ್ಪು ವೈರ್ ಬೇಡದ್ದಲ್ಲ ಮಾರಾಯರೇ, ನಿಮ್ಮ ಎರಡನೇ ಸಮಸ್ಯೆ ಅದೇ! ನಿಮ್ಮ ಮಿನಿಯ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಕಪ್ಪು ಅಂದರೆ ಅರ್ತ್. ನೇರಳೆ ಅಂದರೆ ಫ್ಯೂಸ್ ಮೂಲಕ ಬಂದು ಯಾವಾಗಲೂ ಕರೆಂಟ್ ಇರುವುದು. ಹಸಿರು ಅಂದರೆ ಕೀ ತಿರುಗಿಸಿದಾಗ ಫ್ಯೂಸ್ ಮೂಲಕ ಬರುವುದು. ಬಿಳಿಗೆ ಕೀ ಬೇಕು, ಫ್ಯೂಸ್ ಇಲ್ಲ. ಕಂದಿಗೆ ಕೀಯೂ ಇಲ್ಲ ಫ್ಯೂಸೂ ಇಲ್ಲ, ಅದರ ಹತ್ತಿರ ಹುಷಾರು. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಪೆಟ್ರೋಲ್ ಮುಳ್ಳು ಒಂದೇ ಏರಿದ್ದರೆ ಸೆಂಡರ್ ವೈರ್ ಎಲ್ಲೋ ಗಾಡಿಯ ಬಾಡಿಗೆ ತಾಗಿದೆ ಅನ್ನಬಹುದಿತ್ತು. ಎರಡೂ ಒಟ್ಟಿಗೆ ಏರಿವೆ ಅಂದರೆ ಎರಡಕ್ಕೂ ಸೇರಿದ ವಸ್ತು ನೋಡಬೇಕು, ಅಲ್ವಾ? ಅದು ಸ್ಪೀಡೋಮೀಟರಿನ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿರುವ ಪುಟ್ಟ ತಗಡಿನ ಡಬ್ಬಿ, ವೋಲ್ಟೇಜ್ ಸ್ಟೆಬಿಲೈಜರ್. ಒಳಗೆ ಎರಡು ಲೋಹದ ಒಂದು ಪಟ್ಟಿ, ಅದಕ್ಕೆ ಸುತ್ತಿದ ಹೀಟರ್ ತಂತಿ. ಪಟ್ಟಿ ಬಿಸಿಯಾದರೆ ಬಾಗಿ ಕಾಂಟ್ಯಾಕ್ಟ್ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹೀಗೆ ಹಾಕಿ ತೆಗೆದು ಮೀಟರುಗಳಿಗೆ ಸರಾಸರಿ 10 ವೋಲ್ಟ್ ಕೊಡುತ್ತದೆ. ಆ ಹೀಟರಿಗೆ ಅರ್ತ್ ಸಿಗುವುದು ಡಬ್ಬಿಯ ಮೈಯಿಂದ. ಅರ್ತ್ ಹೋದರೆ ಹೀಟರ್ ಬಿಸಿಯಾಗುವುದಿಲ್ಲ, ಕಾಂಟ್ಯಾಕ್ಟ್ ಬಿಡುವುದಿಲ್ಲ, ಬ್ಯಾಟರಿಯ 12, ಚಾರ್ಜ್ ಆಗುವಾಗ 13-14 ವೋಲ್ಟ್ ಹಾಗೇ ಮೀಟರಿಗೆ ನುಗ್ಗುತ್ತದೆ. ಅರ್ಧ ಟ್ಯಾಂಕು ಫುಲ್ ಆಗುವುದು ಹೀಗೆ.

ಉಂಗುರವನ್ನು ಸ್ಪೀಡೋಮೀಟರಿನ ಹಿಂದಿನ ಸ್ಕ್ರೂ ಕೆಳಗೆ ಕೂರಿಸಿ. ಆಮೇಲೆ ಡಬ್ಬಿಯಿಂದ ಮೀಟರುಗಳಿಗೆ ಹೋಗುವ ಐ (I) ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣುಕಬೇಕು. ಒಂದೇ ಸಮ ಉರಿದರೆ ಇನ್ನೂ ಅರ್ತ್ ಇಲ್ಲ. ಮೀಟರ್ ಹಿಂದೆ ಕೈ ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮೊದಲು ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಡಿಕ್ಕಿ ಗೋಡೆಗೆ ತಾಗಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ನನ್ನ 10-11 ಸ್ಪ್ಯಾನರಿಗೆ ಇನ್ನೂ ಆ ಗಾಯ ಇದೆ.

ರಾತ್ರಿಪಾಳಿ:

ಅಜ್ಜ ಮೀಟರ್ ಮುಗಿಸಿದ್ದಾರೆ, ನಾನು ಬ್ರೇಕ್ ಲೈಟ್ ಹಿಡಿಯುತ್ತೇನೆ. ಪೇಂಟ್ ಹೊಡೆದೆ ಅಂದಿರಲ್ಲ, ಅಲ್ಲಿದೆ ಉತ್ತರ.

ಎಡಗಡೆ ಲ್ಯಾಂಪಿನ ತಗಡಿನ ಮೈ ಬಾಡಿಗೆ ಲೋಹಕ್ಕೆ ಲೋಹವಾಗಿ ತಾಗುತ್ತಿಲ್ಲ, ನಡುವೆ ನಿಮ್ಮ ಎರಡು ಕೋಟ್ ಇದೆ. ಬ್ರೇಕ್ ಒತ್ತಿದಾಗ ಕರೆಂಟ್ 21 ವ್ಯಾಟ್ ಫಿಲಮೆಂಟ್ ದಾಟಿ ಹೋಲ್ಡರಿಗೆ ಬರುತ್ತದೆ, ಅಲ್ಲಿಂದ ಬಾಡಿಗೆ ಇಳಿಯಲು ದಾರಿ ಇಲ್ಲ. ಆಗ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ನುಗ್ಗಿ, ಹಸಿರು-ಕೆಂಪು ವೈರಿನಲ್ಲಿ ಮುಂದಕ್ಕೆ ಓಡಿ, ಮುಂದಿನ ಎಡಗಡೆ ಇಂಡಿಕೇಟರ್ ಬಲ್ಬ್ ದಾಟಿ ಅಲ್ಲಿ ಬಾಡಿ ಸೇರುತ್ತದೆ. ಮೂರು ಬಲ್ಬ್ ಸರಪಳಿಯ ಹಾಗೆ ಕೂತವು, 12 ವೋಲ್ಟನ್ನು ಹಂಚಿಕೊಂಡವು, ಮೂರೂ ಮಂಕು. ಸ್ವಲ್ಪ ಕರೆಂಟ್ 5 ವ್ಯಾಟ್ ಪಾರ್ಕಿಂಗ್ ಫಿಲಮೆಂಟಿನ ಕಡೆಗೂ ಹೋಗುತ್ತದೆ. ಒಂದು ಕೆಲಸ ಮಾಡಿದರೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ ಆಗುತ್ತಿದೆ ಅಂದರೆ ನೂರಕ್ಕೆ ತೊಂಬತ್ತು ಸಲ ಅರ್ತ್ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ.

ಪರೀಕ್ಷೆ ಮಾಡುವಾಗ ಮಲ್ಟಿಮೀಟರನ್ನು ಓಮ್‌ನಲ್ಲಿ ಇಟ್ಟು ಪೀಂ ಅಂತ ಸದ್ದು ಬಂತು, ಅರ್ತ್ ಚೆನ್ನಾಗಿದೆ ಅನ್ನಬೇಡಿ. ಒಂದೇ ಒಂದು ಎಳೆ ತಂತಿ ತಾಗುತ್ತಿದ್ದರೂ ಪೀಂ ಅನ್ನುತ್ತದೆ. 20 ವೋಲ್ಟ್ ಡಿಸಿಗೆ ಹಾಕಿ, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹಕ್ಕೆ. ಮಿನಿಯಲ್ಲಿ ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ಉದ್ದ ವೈರ್ ಬೇಕಿಲ್ಲ. ಈಗ ಯಾರಾದರೂ ಬ್ರೇಕ್ ಒತ್ತಲಿ. ಲೈಟ್ ಹೊತ್ತಿರುವಾಗಲೇ ಅಳೆಯಬೇಕು, ಅದು ಮುಖ್ಯ. 0.1, 0.2 ವೋಲ್ಟ್ ಬಂದರೆ ಅರ್ತ್ ಸರಿ. ಅದಕ್ಕಿಂತ ಜಾಸ್ತಿ ಬಂದಷ್ಟೂ ಬಲ್ಬಿಗೆ ಸಿಗುವುದು ಕಮ್ಮಿ.

ಸರಿಪಡಿಸುವುದು ಸುಲಭ. ಲ್ಯಾಂಪ್ ಬಿಚ್ಚಿ, ಸ್ಕ್ರೂ ಕೂರುವ ಜಾಗದಲ್ಲಿ ಮಾತ್ರ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ಹಲ್ಲಿರುವ ವಾಶರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಇಲ್ಲದಿದ್ದರೆ ಕೆರೆದ ಜಾಗದಲ್ಲೇ ಮತ್ತೆ ತುಕ್ಕು.

ಹಳೇಮಿನಿ71:

ಇಬ್ಬರಿಗೂ ದೊಡ್ಡ ನಮಸ್ಕಾರ. ಕಪ್ಪು ವೈರ್ ಕೂರಿಸಿದೆ, ಟೇಪ್ ಬಿಚ್ಚುವಾಗ ನನಗೇ ನಾಚಿಕೆ ಆಯಿತು. ಪೆಟ್ರೋಲ್ ಮುಳ್ಳು ಅರ್ಧದ ಕೆಳಗೆ ಬಂದು ನಿಂತಿದೆ, ಟೆಂಪರೇಚರ್ ನಡುವಿನಲ್ಲಿದೆ.

ಎಡಗಡೆ ಲ್ಯಾಂಪಿನಲ್ಲಿ ಬ್ರೇಕ್ ಒತ್ತಿ ಅಳೆದರೆ 6 ವೋಲ್ಟ್ ಚಿಲ್ಲರೆ ಬಂತು! ಬಲಗಡೆ 0.08. ಕೆರೆದು ಬಿಗಿದ ಮೇಲೆ ಎಡಗಡೆಯೂ 0.1. ಬಲಗಡೆಗೂ ಅದೇ ಪೇಂಟ್ ಹೊಡೆದಿದ್ದೆ, ಅಲ್ಲಿ ಸ್ಕ್ರೂ ಜಾರಿ ಪೇಂಟ್ ಕಿತ್ತಿತ್ತು. ಅವತ್ತು ನನ್ನನ್ನು ನಾನೇ ಬೈದುಕೊಂಡಿದ್ದೆ, ಆ ಗೀರೇ ಆ ಕಡೆಯನ್ನು ಉಳಿಸಿದೆ.

ಫ್ಯೂಸ್ ಮಾತ್ರ ಹಾಗೇ ಇದೆ. ಇವತ್ತು ಎರಡು ಹೋದವು. ಈಗ ಹಾಕುತ್ತಿರುವುದು ಡಬ್ಬಿಯಲ್ಲಿ ಸಿಕ್ಕ ಅಮೆರಿಕನ್ ಮಾದರಿಯ 30 ಆಂಪ್ಸ್ ಗಾಜಿನ ಫ್ಯೂಸ್. ಮೂಲದ್ದರ ಮೇಲೆ 35 ಅಂತ ಇತ್ತು, ಹಾಗಾಗಿ ಸಣ್ಣದೇ ಅಲ್ವಾ?

ರಾತ್ರಿಪಾಳಿ:

ಸಣ್ಣದಲ್ಲ, ದೊಡ್ಡದು! ಈ ಬಲೆಗೆ ಎಲ್ಲರೂ ಬೀಳುತ್ತಾರೆ. ಹಳೇ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲಿನ 35 ಅಂದರೆ ಅದು ಕರಗುವ ಮಟ್ಟ. ನಿರಂತರವಾಗಿ ತಡೆಯುವುದು 17 ಆಂಪ್ಸ್ ಮಾತ್ರ. ಅಮೆರಿಕನ್ ಫ್ಯೂಸಿನ ಮೇಲಿನ ಅಂಕಿ ನಿರಂತರ ತಡೆಯುವ ಮಟ್ಟ. ಅಂದರೆ ನಿಮ್ಮ 30 ಹೆಚ್ಚುಕಮ್ಮಿ ಎರಡು ಪಟ್ಟು. ಇವತ್ತೇ ತೆಗೆದು 15 ಹಾಕಿ.

ಅಥವಾ ಸದ್ಯಕ್ಕೆ ಯಾವ ಫ್ಯೂಸೂ ಬೇಡ. ಒಂದು 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಫ್ಯೂಸಿನ ಎರಡು ಕ್ಲಿಪ್ಪಿಗೆ ಸಿಕ್ಕಿಸಿ. ಪೂರ್ತಿ ಶಾರ್ಟ್ ಆದರೂ ಬಲ್ಬಿನಿಂದಾಗಿ ಎರಡು ಆಂಪ್ಸ್ ಒಳಗೇ ನಿಲ್ಲುತ್ತದೆ, ವೈರ್ ಸುಡುವುದಿಲ್ಲ, ಫ್ಯೂಸೂ ದಂಡ ಆಗುವುದಿಲ್ಲ. ಒಳಗಿನ ಲೈಟ್ ಆರಿಸಿ, ಹಾರ್ನ್ ಮುಟ್ಟದೆ ಬಿಟ್ಟರೆ ಈ ಬಲ್ಬ್ ಉರಿಯಲೇಬಾರದು. ಈಗ ಬಲ್ಬ್ ಕಾಣುವ ಹಾಗೆ ಇಟ್ಟುಕೊಂಡು ಒಂದೊಂದೇ ಟ್ರಿಮ್ ಹಲಗೆಯನ್ನು ಅಂಗೈಯಲ್ಲಿ ಒತ್ತಿ, ಗುದ್ದಿ, ವೈರ್ ಕಟ್ಟನ್ನು ಅಲುಗಿಸಿ. ಎಲ್ಲಿ ಮುಟ್ಟಿದಾಗ ಬಲ್ಬ್ ಪಳಕ್ ಅನ್ನುತ್ತದೋ ಅಲ್ಲಿ ಬಿಚ್ಚಿ.

ಗ್ಯಾರೇಜ್ ಅಜ್ಜ:

ಬಾಗಿಲು ಹಾಕಿದಾಗ ಹಾರುತ್ತದೆ ಅಂದಿರಿ. ಬಾಗಿಲ ಹತ್ತಿರವೇ ಶುರು ಮಾಡಿ. ಟ್ರಿಮ್ಮಿಗೆ ಹಳೇ ಸ್ಕ್ರೂಗಳನ್ನೇ ಹಾಕಿದ್ದೀರಾ?

ಹಳೇಮಿನಿ71:

ಅಜ್ಜಾ, ನೀವು ನನ್ನ ಗ್ಯಾರೇಜಿನಲ್ಲಿ ಕೂತು ನೋಡಿದ್ದೀರಾ ಅಂತ ಅನುಮಾನ!

ಹಳೇ ಸ್ಕ್ರೂ ಕಳೆದಿದ್ದವು, ಅದೇ ದಪ್ಪದ ಹೊಸವು ಹಾಕಿದ್ದೆ. ಉದ್ದ ನೋಡಿರಲಿಲ್ಲ. ಬಲ್ಬ್ ಸಿಕ್ಕಿಸಿ ಡ್ಯಾಶ್ ಮೇಲೆ ಇಟ್ಟುಕೊಂಡು ಬಲಗಡೆಯಿಂದ ಗುದ್ದುತ್ತಾ ಬಂದೆ. ಏನೂ ಇಲ್ಲ. ಎಡಗಡೆ ಬಾಗಿಲ ಮುಂದೆ, ಕಾಲಿನ ಪಕ್ಕದ ಹಲಗೆಗೆ ಮಂಡಿಯಲ್ಲಿ ಒತ್ತಿದ್ದೇ ತಡ, ಬಲ್ಬ್ ಒಮ್ಮೆ ಹೊಳೆದು ಆರಿತು. ಮತ್ತೆ ಒತ್ತಿದೆ, ಮತ್ತೆ ಹೊಳೆಯಿತು. ಬಿಚ್ಚಿ ನೋಡಿದರೆ ಮೇಲಿನ ಸ್ಕ್ರೂ ಹಳೆಯದಕ್ಕಿಂತ ಒಂದು ಬೆರಳಗಲ ಉದ್ದ. ಅದರ ಚೂಪು ತುದಿ ವೈರ್ ಕಟ್ಟಿನ ಬಟ್ಟೆ ಟೇಪ್ ತೂರಿ ನೇರಳೆ ವೈರಿನ ಸಿಪ್ಪೆಯನ್ನು ಉಗುರಿನಷ್ಟು ಸೀಳಿದೆ, ತಾಮ್ರ ಕಾಣುತ್ತಿದೆ, ತುದಿಯಲ್ಲಿ ಕಪ್ಪು ಮಸಿಯ ಚುಕ್ಕೆ. ಬಾಗಿಲು ಬಡಿದಾಗ ಮಾತ್ರ ಎರಡೂ ತಾಗುತ್ತಿದ್ದವು.

ಎಳೆ ತುಂಡಾಗಿರಲಿಲ್ಲ. ಆದರೂ ಆ ಜಾಗ ಕತ್ತರಿಸಿ, ಬೆಸೆದು, ಸ್ಲೀವ್ ಹಾಕಿ, ಕಟ್ಟನ್ನು ಸ್ಕ್ರೂ ದಾರಿಯಿಂದ ಆಚೆ ಸರಿಸಿ ಕಟ್ಟಿದ್ದೇನೆ. ಗಿಡ್ಡ ಸ್ಕ್ರೂ, 15 ಆಂಪ್ಸ್ ಫ್ಯೂಸ್. ಬಾಗಿಲನ್ನು ಇಪ್ಪತ್ತು ಸಲ ಬಡಿದೆ, ಮನೆಯವರು ಬಂದು ಯಾರ ಮೇಲೆ ಕೋಪ ಅಂತ ಕೇಳಿದರು.

ಒಂದೇ ಒಂದು ಅನುಮಾನ ಉಳಿದಿದೆ. ಹೆಡ್‌ಲೈಟ್ ಹಾಕಿ ಗಾಡಿ ನಿಂತಲ್ಲೇ ಓಡುತ್ತಿರುವಾಗ ಇಂಡಿಕೇಟರ್ ಸ್ವಲ್ಪ ನಿಧಾನ ಅನಿಸುತ್ತದೆ, ಈಗ ಎರಡೂ ಕಡೆ. ಇನ್ನೊಂದು ಅರ್ತ್ ಹುಡುಕಬೇಕಾ?

ಗ್ಯಾರೇಜ್ ಅಜ್ಜ:

ಎರಡೂ ಕಡೆ ಸಮನಾಗಿ ನಿಧಾನ ಅಂದರೆ ಅರ್ತ್ ಅಲ್ಲ, ಅದು ಡೈನಮೋ. ನಿಂತಲ್ಲಿ ಓಡುವಾಗ ಅದು ಏನೂ ಕೊಡುವುದಿಲ್ಲ, ಹೆಡ್‌ಲೈಟ್ ಪೂರ್ತಿ ಬ್ಯಾಟರಿಯನ್ನೇ ತಿನ್ನುತ್ತದೆ. ಸ್ವಲ್ಪ ರೇಸ್ ಕೊಟ್ಟು ನೋಡಿ. ಇಗ್ನಿಷನ್ ದೀಪ ಆರಿ ಇಂಡಿಕೇಟರ್ ಚುರುಕಾದರೆ ಬಾನೆಟ್ ಮುಚ್ಚಿ ಒಂದು ಸುತ್ತು ಹೊಡೆದು ಬನ್ನಿ.